ಬೂಷ್ಟು ಹಿಡಿಯದ ಸರ್ಟಿಫಿಕೇಟು

ಪುಟ್ಟು, ಚಿನ್ನು, ಕಪಾಟು ಒರೆಸುವಾಗ ಸಿಕ್ಕಿದ ನಿಮ್ಮ ಅಪ್ಪನ ಸರ್ಟಿಫಿಕೇಟಿನ ಮೂಲೆ ಏಕೆ ಸುಟ್ಟಿದೆ ಎಂದು ಕೇಳಿದಿರಿ. ಅಪ್ಪ ನಕ್ಕು ಎದ್ದುಹೋದ. ನಿಮ್ಮ ಈ ಅಜ್ಜಿಗೆ ಬಾಯಲ್ಲಿ ಹೇಳಲು ಬರುವುದಿಲ್ಲ. ಹಳ್ಳಿ ಶಾಲೆಯಲ್ಲಿ ಟೀಚರು ಎಬ್ಬಿಸಿ ನಿಲ್ಲಿಸಿದರೆ ಗೊತ್ತಿದ್ದ ಉತ್ತರವನ್ನೂ ನುಂಗಿಕೊಳ್ಳುತ್ತಿದ್ದವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಹೋದ ಮೇಲೆ ನಮ್ಮ ಬೋಳಾರದ ಮನೆಯಲ್ಲಿ ಏನು ನಡೆಯಬೇಕೆಂದು ತೀರ್ಮಾನಿಸುತ್ತಿದ್ದವನು ನನ್ನ ಅಣ್ಣ. ತಂಗಿಯ ಮಕ್ಕಳ ವಿಷಯದಲ್ಲಿ ಮಾವನದ್ದೇ ಕೊನೆಯ ಮಾತು ಎನ್ನುವುದು ನಮ್ಮವರಲ್ಲಿ ಹಿಂದಿನಿಂದ ಬಂದದ್ದು. ಅವನು ಬಹಳ ವರ್ಷ ಗಲ್ಫಿನಲ್ಲಿದ್ದು ಬಂದವನು. ಬಂದ ಮೇಲೆ ಮನೆಯೊಳಗೂ ಕಪ್ಪು ಕನ್ನಡಕ ತೆಗೆಯುತ್ತಿರಲಿಲ್ಲ. ನಿಮ್ಮ ಅಪ್ಪ ಆಗ ಪಡೀಲಿನ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಗಲ್ಫಿಗೆ ಹೋಗುವ ಆಸೆ ಅವನಿಗೂ ಇತ್ತು, ಆದರೆ ಮೆಕ್ಯಾನಿಕ್ ಆಗಿ. ಇನ್ನೊಬ್ಬನ ಕೈಗೆ ಸ್ಪ್ಯಾನರ್ ಎತ್ತಿಕೊಡುವ ಹೆಲ್ಪರ್ ಆಗಿ ಅಲ್ಲ.

"ಸರ್ಟಿಫಿಕೇಟ್ ಇಲ್ಲದವನನ್ನು ಅಲ್ಲಿ ಯಾರೂ ಮೂಸಿ ನೋಡುವುದಿಲ್ಲ ಮಾರಾಯ್ತಿ," ಎಂದ ಅಣ್ಣ. "ರಿಪೇರಿಯ ಕೋರ್ಸ್ ಒಂದು ಉಂಟು. ನಿನ್ನ ಎರಡು ಬಳೆ ಇಟ್ಟರೆ ಆಯ್ತು. ಅಲ್ಲಿಗೆ ಮುಟ್ಟಿದ ಕೂಡಲೇ ಹುಡುಗ ಬಿಡಿಸಿಕೊಡ್ತಾನೆ."

ಬಳೆ ನನ್ನದು, ಲೆಕ್ಕಾಚಾರ ಅವನದು.

"ಗ್ಯಾರೇಜಲ್ಲಿ ಇಷ್ಟು ವರ್ಷ ಕಲ್ತದ್ದು ಸಾಕಾಗುದಿಲ್ವಾ ಮಾವ?" ಎಂದು ನಿಮ್ಮ ಅಪ್ಪ ಕೇಳಿದ.

"ಅದನ್ನು ಪಾಸ್‌ಪೋರ್ಟಿಗೆ ಅಂಟಿಸ್ತೀಯಾ?"

ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟೆವು. ಆ ಹಣ ಎಲ್ಲಿಗೆ ಹೋಗುತ್ತದೆಂದು ನೋಡಲು ಕೋರ್ಸಿನವರ ಕಚೇರಿಗೆ ನಾನೂ ಹೋದೆ. ತಣ್ಣಗಿನ ಕೋಣೆ. ನಡುವೆ ಅರ್ಧಕ್ಕೆ ಕೊಯ್ದ ಎಂಜಿನ್ ಒಂದು, ಕೆಂಪು ಹಳದಿ ನೀಲಿ ಬಣ್ಣ ಬಳಿದುಕೊಂಡು ಮದುವೆ ಛತ್ರದ ಬಾಗಿಲ ಬೊಂಬೆಯ ಹಾಗೆ ನಿಂತಿತ್ತು. ಮುಟ್ಟಬಾರದು ಎಂದು ಬೋರ್ಡು. ಒಂದು ತೊಟ್ಟು ಆಯಿಲಿನ ಕಲೆ ಎಲ್ಲಿಯೂ ಇಲ್ಲ. ಮುಟ್ಟದೆ ಕಲಿಯುವ ರಿಪೇರಿಯನ್ನು ನಾನು ಕಂಡದ್ದು ಅಲ್ಲಿಯೇ. ಟೈ ಕಟ್ಟಿದ ಒಬ್ಬ, "ಇದು ಖರ್ಚಲ್ಲಮ್ಮ, ಇನ್ವೆಸ್ಟ್‌ಮೆಂಟ್," ಎಂದ. ಅವನ ಉಗುರು ನನ್ನ ಉಗುರಿಗಿಂತ ಬೆಳ್ಳಗಿತ್ತು.

ಸುಳ್ಳು ಬರೆಯಬಾರದು. ಶನಿವಾರಗಳಲ್ಲಿ ಬರುತ್ತಿದ್ದ ಒಬ್ಬ ಮೇಷ್ಟ್ರು ಹೊಸ ಕಾರುಗಳಿಗೆ ಸಿಕ್ಕಿಸಿ ದೋಷ ಹುಡುಕುವ ಸ್ಕ್ಯಾನರನ್ನು ಚೆನ್ನಾಗಿ ಕಲಿಸಿದರಂತೆ. ಉಳಿದ ದಿನಗಳಲ್ಲಿ ಕಲಿಸಿದ್ದು ಕೈ ಕುಲುಕುವುದು ಮತ್ತು ಇಂಗ್ಲಿಷಿನಲ್ಲಿ ತನ್ನನ್ನು ತಾನೇ ಹೊಗಳಿಕೊಳ್ಳುವುದು.

ಕೊನೆಗೆ ಪದವಿ ಸಮಾರಂಭ ಬೇರೆ. ಮರುದಿನ ಬ್ರೇಕ್ ಬಿಚ್ಚಬೇಕಾದ ಹುಡುಗರು ಕಪ್ಪು ಗೌನು ಹಾಕಿ, ತಲೆಯ ಮೇಲೆ ಹಲಗೆಯಂಥ ಟೋಪಿ ಇಟ್ಟುಕೊಂಡು, ಜಡ್ಜುಗಳ ಹಾಗೆ ಸಾಲಾಗಿ ಕುಳಿತಿದ್ದರು. ಗೌನಿನ ಬಾಡಿಗೆಯನ್ನೂ ನಾವೇ ಕೊಡಬೇಕಿತ್ತು.

ಸರ್ಟಿಫಿಕೇಟು ಮನೆಗೆ ಬಂದ ದಿನವೇ ಅಣ್ಣ ಅದನ್ನು ಕಿತ್ತುಕೊಂಡ. "ಮಳೆಗಾಲ ಬರ್ತಾ ಉಂಟು. ನಮ್ಮ ಊರಿನ ಹವೆಗೆ ಕಾಗದಕ್ಕೆ ಬೂಷ್ಟು ಹಿಡೀತದೆ," ಎಂದು ಹಂಪನಕಟ್ಟೆಗೆ ಒಯ್ದು, ದಪ್ಪ ಪ್ಲಾಸ್ಟಿಕ್ಕಿನ ಲ್ಯಾಮಿನೇಶನ್ ಮಾಡಿಸಿ ತಂದ. ಅತ್ತಿಗೆ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಕುಂಕುಮ ನಿಲ್ಲದೆ ಜಾರಿತು.

ವೀಸಾ ಮಾಡಿಸುವ ಏಜೆಂಟನ ಕಚೇರಿಗೆ ನನ್ನನ್ನೂ ಕರೆದೊಯ್ದರು, ತಾಯಿ ಜೊತೆಗಿದ್ದರೆ ಒಳ್ಳೆಯದೆಂದು. ಅಲ್ಲಿಯ ಗುಮಾಸ್ತ ಸರ್ಟಿಫಿಕೇಟನ್ನು ತಿರುಗಿಸಿ ನೋಡಿದ. "ಇದರ ಹಿಂದೆ ಸರಕಾರದ ಸೀಲು ಬೀಳ್ಬೇಕು. ಪ್ಲಾಸ್ಟಿಕ್ಕಿನ ಮೇಲೆ ಬೀಳ್ತದಾ? ಯಾರು ಮಾಡಿದ್ದು ಈ ಶೃಂಗಾರ?"

ಅಣ್ಣ ಬಂದ ಕೂಡಲೇ ತನ್ನ ಗಲ್ಫಿನ ವರ್ಷಗಳನ್ನು ಹೇಳಿಕೊಂಡಿದ್ದ. ಗುಮಾಸ್ತ ಅಣ್ಣನನ್ನು ನೋಡಿದ. "ನೀವು ಅಷ್ಟು ವರ್ಷ ಅಲ್ಲಿದ್ದವರಲ್ವಾ? ನಿಮ್ಮ ಸರ್ಟಿಫಿಕೇಟಿಗೆ ಸೀಲು ಹಾಕಿಸಿದ್ದು ನೆನಪಿಲ್ವಾ?"

"ನನ್ನದಕ್ಕೆ ಎಂತ ಸೀಲು? ನಾನು ಹೋದದ್ದು ಹೆಲ್ಪರ್ ವೀಸಾದಲ್ಲಿ," ಎಂದ ಅಣ್ಣ.

ಅವನು ಅಲ್ಲಿ ಸೂಪರ್‌ವೈಸರ್ ಆಗಿದ್ದನೆಂದು ಅದುವರೆಗೆ ನಮಗೆಲ್ಲ ಹೇಳಿಕೊಂಡು ಬಂದಿದ್ದ. ಕಾಗದದ ಬೆಲೆಯ ಬಗ್ಗೆ ನನಗೆ ಅಷ್ಟು ಪಾಠ ಮಾಡಿದವನ ಹತ್ತಿರ ಅಂಥ ಒಂದು ಕಾಗದ ಎಂದೂ ಇರಲಿಲ್ಲ.

ಮನೆಗೆ ಬಂದು ಪ್ಲಾಸ್ಟಿಕ್ಕನ್ನು ಬಿಡಿಸುತ್ತೇನೆಂದು ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟವನೂ ಅವನೇ. ಮೂಲೆ ಸುಟ್ಟಿತು. ಅಲ್ಲಿದ್ದ ಸಹಿ ಪ್ಲಾಸ್ಟಿಕ್ಕಿನ ಜೊತೆ ಎದ್ದುಬಂತು. ಹೊಸದು ಬೇಕಾದರೆ ಹಳೆಯದು ಕಳೆದುಹೋಗಿದೆ ಎಂದು ಪೊಲೀಸರಿಗೆ ದೂರು ಕೊಟ್ಟು ಬನ್ನಿ ಎಂದರು ಕೋರ್ಸಿನವರು. ಕೈಯಲ್ಲೇ ಹಿಡಿದುಕೊಂಡಿರುವ ವಸ್ತು! ಅಷ್ಟಾಗುವ ಹೊತ್ತಿಗೆ ಏಜೆಂಟ್ ನೋಡಿಟ್ಟಿದ್ದ ಮೆಕ್ಯಾನಿಕ್ ಕೆಲಸವೂ ಬೇರೆಯವರ ಪಾಲಾಯಿತು.

"ಹೆಲ್ಪರ್ ವೀಸಾ ಈಗಲೂ ಉಂಟಂತೆ. ಈಗ ಅದರಲ್ಲೇ ಹೋಗಲಿ, ಮತ್ತೆ ನೋಡುವ. ನಾನು ಬದುಕ್ಲಿಲ್ವಾ?" ಎಂದ ಅಣ್ಣ.

ನಿಮ್ಮ ಅಪ್ಪ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಮಾವನಿಗೆ ಎದುರಾಡಿ ಅವನಿಗೆ ಅಭ್ಯಾಸವಿಲ್ಲ. ನನಗಂತೂ ಇಲ್ಲವೇ ಇಲ್ಲ. ನಾನು ಅಕ್ಕಿಯಿಂದ ಕಲ್ಲು ಆರಿಸುತ್ತಿದ್ದೆ. ತಲೆ ಎತ್ತದೆ, "ಅವ ಹೋಗುದಿಲ್ಲ," ಎಂದೆ.

"ಎಂತ ಹೇಳಿದ್ದು?"

"ಹೆಲ್ಪರ್ ಆಗಿ ಹೋಗುದಿಲ್ಲ. ನನ್ನ ಬಳೆಯ ವಿಷಯ ನಾನು ನೋಡ್ಕೊಳ್ತೇನೆ."

"ಇವಳಿಗೆ ಮಾತೂ ಬರ್ತದಾ?" ಎಂದಳು ಅತ್ತಿಗೆ, ಗಂಡನನ್ನು ನೋಡಿಕೊಂಡು. ನಾನು ಆರಿಸುತ್ತಲೇ ಇದ್ದೆ. ಕಲ್ಲಿನ ಜೊತೆ ಅಕ್ಕಿಯನ್ನೂ ಎಸೆದೆನೆಂದು ಕಾಣುತ್ತದೆ.

ನಿಮ್ಮ ಅಪ್ಪ ಪಡೀಲಿನ ಗ್ಯಾರೇಜಿಗೇ ಮರಳಿದ. ಧಣಿ ಕೇಳಿದ್ದು ಸ್ಕ್ಯಾನರ್ ನೋಡಲು ಬರುತ್ತದೆಯೇ ಎಂದು ಮಾತ್ರ. ಬರುತ್ತಿತ್ತು. ಸಂಬಳ ಸ್ವಲ್ಪ ಏರಿತು, ಟೈಯವನು ಹೇಳಿದಷ್ಟಲ್ಲ. ಬಳೆಗಳು ತಡವಾಗಿ, ಒಂದಾದ ಮೇಲೊಂದು ಬಂದವು. ಆ ಖರ್ಚಿನಲ್ಲಿ ನಮಗೆ ದಕ್ಕಿದ್ದು ಶನಿವಾರದ ಮೇಷ್ಟ್ರ ಪಾಠ. ಉಳಿದದ್ದೆಲ್ಲ ಗೌನಿನ ಬಾಡಿಗೆ ಎಂದು ತಿಳಿಯಿರಿ.

ಅಣ್ಣ ಇಂದಿಗೂ ಮದುವೆ ಗೃಹಪ್ರವೇಶಗಳಲ್ಲಿ, "ಹುಡುಗನಿಗೆ ಕೋರ್ಸ್ ಮಾಡಿಸಿ ದಾರಿಗೆ ಹಚ್ಚಿದ್ದು ನಾನು," ಎಂದು ಹೇಳುತ್ತಾನೆ. ನಾನು ಎಲೆಯ ಮುಂದೆ ತಲೆ ತಗ್ಗಿಸಿ ಉಣ್ಣುತ್ತೇನೆ. ಅವನೆದುರು ಮತ್ತೊಮ್ಮೆ ಬಾಯಿ ತೆರೆಯುವುದು ನನ್ನಿಂದ ಆಗದು. ಆದರೆ ನೀವಿಬ್ಬರೂ ಅವನ ಮಾತನ್ನು ನಂಬಿಕೊಂಡು ಬೆಳೆಯುವುದು ನನಗೆ ಬೇಡ. ಈ ಹಾಳೆಗಳು ನಿಮ್ಮ ಹತ್ತಿರ ಜೋಪಾನವಾಗಿರಲಿ. ನಾನಿರುವ ತನಕ ಅವನ ಮನೆಯವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.