ಒಬ್ಬರಿಗೆ ಒಂದೇ ಸಾಲು

ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಹಾಜರಿ ಗುಮಾಸ್ತರಾಗಿದ್ದು ನಿವೃತ್ತರಾದವರೊಬ್ಬರು ಶಿವಮೊಗ್ಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ನೆಂಟರು ಕಳಿಸಿದ ಪಟ್ಟಿಗಳನ್ನೆಲ್ಲ ವಂಶವೃಕ್ಷದ ಸಾಫ್ಟ್‌ವೇರಿಗೆ ತುಂಬಿ, ಎರಡೆರಡು ಸಲ ಸೇರಿದವರನ್ನು ಹುಡುಕಿ ಒಂದು ಮಾಡುತ್ತಿದ್ದರು. ಹಾಜರಿ ಪುಸ್ತಕ ತಿರುವುವವರ ಹಾಗೆ ಬೆರಳನ್ನು ನಾಲಿಗೆಗೆ ಮುಟ್ಟಿಸಿಯೇ ಮೌಸ್ ಒತ್ತುವರು. "ಒಬ್ಬರಿಗೆ ಒಂದೇ ಸಾಲು, ಮಾರಾಯ" ಎನ್ನುವರು.

ಅವರ ಅಪ್ಪನ ಪಕ್ಕದಲ್ಲಿ ಪಾರ್ವತಮ್ಮ ಎಂಬ ಹೆಸರು ಎರಡು ಸಲ ಬಂದಾಗಲೂ ಒಂದು ಮಾಡಿದರು. ಹೊಳೆಹೊನ್ನೂರಿನಿಂದ ಬಂದಿದ್ದ ಸೋದರತ್ತೆ ತಡೆದರು.

"ಅವರು ಇಬ್ಬರು ಕಣೋ. ಮೊದಲನೆಯವಳು ಹೆರಿಗೇಲಿ ಹೋದ್ಲು. ಆಮೇಲೆ ನಿಮ್ಮಮ್ಮನ್ನ ತಂದ್ವಿ. ನಿಮ್ಮಪ್ಪನ ಬಾಯಿಗೆ ರೂಢಿ ಆಗಿತ್ತಲ್ಲ, ಮನೆ ತುಂಬಿಸಿಕೊಂಡ ದಿನಾನೇ ಅದೇ ಹೆಸರು ಇಟ್ವಿ."

"ಅಮ್ಮನ ಮೊದಲಿನ ಹೆಸರೇನತ್ತೆ?"

"ಯಾರು ಕೇಳಿದ್ರು ಅದನ್ನ?"

ಗುಮಾಸ್ತರು ಇಬ್ಬರನ್ನೂ ಮತ್ತೆ ಬೇರೆ ಮಾಡಿ, ಅಮ್ಮನ ಚೌಕದಲ್ಲಿದ್ದ ಹೆಸರನ್ನು ಅಳಿಸಿದರು. ಅಮ್ಮನ ತವರು ಕುಂಸಿಗೆ ಹೋಗಿ ವಿಚಾರಿಸಿದರು. ಗೊತ್ತಿದ್ದವರು ಅಲ್ಲಿ ಯಾರೂ ಉಳಿದಿರಲಿಲ್ಲ. ಚೌಕ ಖಾಲಿಯೇ ಉಳಿಯಿತು.

ಅವರು ತೀರಿಕೊಂಡ ಮೇಲೆ ಮಗಳು ಆ ವಂಶವೃಕ್ಷವನ್ನು ತೆರೆದು ನನಗೆ ತೋರಿಸಿದಳು.

"ಅಜ್ಜಿ ಹೆಸರನ್ನೇ ಅಪ್ಪ ಮರೆತಿದ್ದಾರೆ ನೋಡಿ ಅಂಕಲ್."

ನಾನು ಬಾಯಿ ತೆರೆಯುವುದರೊಳಗೆ ಪಾರ್ವತಮ್ಮ ಎಂದು ಟೈಪ್ ಮಾಡಿದಳು. ಪರದೆಯ ಮೇಲೆ ಕೂಡಲೇ ಪ್ರಶ್ನೆ ಬಂತು: ಇವರಿಬ್ಬರೂ ಒಬ್ಬರೇ ಇರಬಹುದು, ಒಂದು ಮಾಡಬೇಕೇ?