ಗಾಂಜಾ ಗೌಂಡಿ

ದಸ್ತಗೀರ, ನಿನಗೆ ‘ಗಾಂಜಾ ಗೌಂಡಿ’ ಎಂದು ಹೆಸರಿಟ್ಟವನು ನಾನೇ. ಏಳು ವರ್ಷಗಳಿಂದ ನೀನು ಹುಡುಕುತ್ತಿರುವವನು ಸ್ಟೇಷನ್ ರಸ್ತೆಯ ಈ ಸಿಮೆಂಟ್ ಅಂಗಡಿಯಲ್ಲೇ ಕುಳಿತು, ನೀನು ಬಂದಾಗಲೆಲ್ಲ ಚಹಾ ತರಿಸಿಕೊಟ್ಟಿದ್ದಾನೆ.

ಜೈನಾಪುರದ ಶಾಲೆಯಲ್ಲಿ ಒಂದೇ ಬೆಂಚಿನವರು ನಾವು. ನೀನು ಗೋಡೆ ಕಟ್ಟುವ ಗೌಂಡಿಯಾದೆ, ನಾನು ಬಾಯಿಂದ ಬದುಕುವ ವ್ಯಾಪಾರಿಯಾದೆ. ನೀನು ಹೊರರಾಜ್ಯಕ್ಕೆ ಹೋಗಿ ಹೊಸ ಕೆಲಸ ಕಲಿತು ಬಂದು, ಹೆಂಪ್ ಗಿಡದ ದಂಟಿನ ಚೂರನ್ನು ಸುಣ್ಣದಲ್ಲಿ ಕಲಸಿ ನಿನ್ನ ತಾಯಿಗೆ ಒಂದು ಖೋಲಿ ಕಟ್ಟಿದೆ. ಗಾಂಜಾದ ಕುಲದ್ದೇ ಗಿಡ, ನಿಜ; ಆದರೆ ಅಮಲಿಲ್ಲದ ತಳಿ. ಪರವಾನಗಿಯ ಕಾಗದವನ್ನೂ ನೀನು ನನಗೆ ತೋರಿಸಿದ್ದೆ. ಮೇ ತಿಂಗಳ ಮಧ್ಯಾಹ್ನ ಆ ಖೋಲಿಯಲ್ಲಿ ಫ್ಯಾನಿಲ್ಲದೆ ನಿದ್ದೆ ಹೋದವನು ನಾನು. ಎಲ್ಲ ಗೊತ್ತಿತ್ತು — ಗೊತ್ತಿದ್ದೂ —

ಹೊನವಾಡದ ದ್ರಾಕ್ಷಿ ಬೆಳೆಗಾರರೊಬ್ಬರು ಒಣದ್ರಾಕ್ಷಿ — ಮಣೂಕ — ಇಡಲು ಅಂಥದೇ ತಂಪು ಕೋಣೆ ಕಟ್ಟಿಸಬೇಕೆಂದು ನಿನ್ನನ್ನು ಗೊತ್ತುಮಾಡಿದ್ದರು. ನಿನ್ನ ಮೊದಲ ದೊಡ್ಡ ಕೆಲಸ ಅದು. ಅವರು ನನ್ನಲ್ಲಿಗೆ ಬಂದು ಕೇಳಿದರು: “ಆ ಗ್ವಾಡಿ ಬಾಳಿಕಿ ಬರ್ತಾವೇನ್ರಿ?” ಅಂಗಡಿಯ ಕಟ್ಟೆಯ ಮೇಲೆ ನಾಲ್ಕು ಜನ ಕುಳಿತಿದ್ದರು. ನಾಲ್ಕು ಜನರನ್ನು ಕಂಡರೆ ನನ್ನ ನಾಲಿಗೆ ತುರಿಸುತ್ತದೆ.

“ಬರ್ತಾವ್ರಿ ಸಾವಕಾರ್ರ. ಆದ್ರ ನಮ್ಮ ಗಾಂಜಾ ಗೌಂಡಿ ಕಟ್ಟಿದ ಖೋಲ್ಯಾಗ ಇಟ್ರ ನಿಮ್ಮ ಮಣೂಕಕ್ಕೂ ನಿಶೆ ಏರತೈತಿ ನೋಡ್ರಿ!”

ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆ ಬೆಳೆಗಾರರೂ ನಕ್ಕರು. ಆ ಹೆಸರು ಊರಲ್ಲಿ ಮೊದಲೇ ಇತ್ತೆಂದು ಎಲ್ಲರೂ ತಿಳಿದರು. ನಗುತ್ತಲೇ ಹೋದವರು ಮರುದಿನ ನಿನ್ನನ್ನು ಬೇಡವೆಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಬಲೇಶ್ವರ, ತಿಕೋಟಾ — ನೀನು ಹೋದಲ್ಲೆಲ್ಲ ಆ ಹೆಸರು ನಿನಗಿಂತ ಮೊದಲೇ ಬಸ್ಸಿಳಿದಿತ್ತು. ನೀನು ಕಟ್ಟಿದ ಅಂಥ ಗೋಡೆ ನಿನ್ನ ತಾಯಿಯ ಖೋಲಿಯದೊಂದೇ ಉಳಿಯಿತು.

ಆ ವಾರವೇ ನೀನು ಮುಖ ಬಾಡಿಸಿಕೊಂಡು ಬಂದೆ.

“ಮಲ್ಲೂ, ಈ ಹೆಸರ ಯಾರ ಇಟ್ಟಾರ? ನಿನಗೇನರ ಗೊತ್ತೈತೇನಲೇ?”

“ನನಗೇನ ಗೊತ್ತಪಾ, ಮಂದಿ ಬಾಯಿ.”

ಮೊದಲನೆಯದು ಬಾಯಿ ಜಾರಿ ಬಂದ ಮಾತು ಎನ್ನಬಹುದೇನೋ. ಈ ಸುಳ್ಳು ಜಾರಿದ್ದಲ್ಲ. ನಿನ್ನ ಕಣ್ಣು ನೋಡಿಕೊಂಡೇ ಹೇಳಿದ್ದು. ಅಂದು ನಿಜ ಹೇಳಿ ಹೊನವಾಡಕ್ಕೆ ಹೋಗಿ ಅವರ ಕಾಲು ಹಿಡಿದಿದ್ದರೆ — ಹೋಗಲಿಲ್ಲ. ನನ್ನ ಮರ್ಯಾದೆ ದೊಡ್ಡದಾಗಿತ್ತು.

ಈಗ ನೀನೂ ಎಲ್ಲರಂತೆ ಸಿಮೆಂಟಿನ ಗೋಡೆ ಕಟ್ಟುತ್ತೀ. ನನ್ನಲ್ಲೇ ಚೀಲ ಒಯ್ಯುತ್ತೀ. ಹೋದ ವಾರ ಅಂಗಡಿಯಲ್ಲಿದ್ದಾಗ ನಿನಗೊಂದು ಫೋನ್ ಬಂತು. ನಿನ್ನ ಹೆಸರು ಹೇಳಿದರೆ ಆ ಕಡೆಯವರಿಗೆ ಗುರುತು ಹತ್ತಲಿಲ್ಲ. ನೀನು ತಲೆ ತಗ್ಗಿಸಿ ಸಣ್ಣ ದನಿಯಲ್ಲಿ ಹೇಳಿದೆ: “ಹೌದ್ರಿ, ನಾನ... ಗಾಂಜಾ ಗೌಂಡಿ ಮಾತಾಡಾಕತ್ತೇನಿ.”

ಕಟ್ಟೆಯ ಮೇಲಿನವರು ನಕ್ಕರು. ರೂಢಿಯಿಂದ ನಾನೂ ನಕ್ಕೆ. ನೀನು ನನ್ನ ಕಡೆ ನೋಡಿ — ನೀನೂ ನಕ್ಕೆ. ಆ ರಾತ್ರಿಯೇ ಈ ಕಾಗದ ಬರೆಯಲು ಕುಳಿತೆ.

ಇದನ್ನು ನಿನ್ನ ಕೈಗಿಟ್ಟು ಕೈ ತೊಳೆದುಕೊಳ್ಳುವುದಿಲ್ಲ. ಸೋಮವಾರ ನೀನು ಚೀಲ ಒಯ್ಯಲು ಬರುತ್ತೀ. ಅದೇ ಕಟ್ಟೆಯ ಮೇಲೆ, ಅದೇ ಮಂದಿಯ ಮುಂದೆ, ಇದನ್ನು ಗಟ್ಟಿಯಾಗಿ ಓದುತ್ತೇನೆ. ಕೇಳಿ ನೀನು ಎದ್ದು ಹೋದರೂ ಸರಿಯೇ. ಈ ಕಾಗದದ ಮೊದಲ ಶಬ್ದ ನಿನ್ನ ಹೆಸರು. ಈ ಅಂಗಡಿಯಲ್ಲಿ ಅದನ್ನು ಕೂಗಿ ನನಗೂ ಏಳು ವರ್ಷವಾಯಿತು.