ಚೇಳಿನ ಬೆನ್ನ ಮೇಲಿನ ಬಿಳಿ ಹುಳ

ಜಗಳೂರಿನಲ್ಲಿ ನಾನು ದನದ ಡಾಕ್ಟರು. ಒಂದು ಬೆಳಿಗ್ಗೆ ಜೆರಾಕ್ಸ್ ಅಂಗಡಿಯ ಶಾರದಕ್ಕ ಗಾಜಿನ ಡಬ್ಬಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ ದೊಡ್ಡ ಕರಿಚೇಳು. ವಾರದ ಹಿಂದೆ ಸಿಕ್ಕಿತ್ತಂತೆ, ಸಾಕುತ್ತಿದ್ದಾರಂತೆ.

"ಡಾಕ್ಟ್ರೇ, ಬೆನ್ನ ತುಂಬ ಬಿಳಿ ಹುಳ ಬಿದ್ದಾವೆ. ಏನಾದ್ರೂ ಔಷಧಿ ಹಾಕ್ರಿ."

"ಚೇಳಿಗೆ ಔಷಧಿ ಹಾಕಾಕೆ ನನಗೆ ಬರಲ್ಲಮ್ಮ."

"ಅದಕ್ಕೂ ಜೀವ ಐತಲ್ರೀ," ಎಂದವರು ಕೂರದೆ ಅತ್ತಿಂದಿತ್ತ ಓಡಾಡತೊಡಗಿದರು. ಆ ಚಡಪಡಿಕೆ ನನಗೂ ಅಂಟಿತು. ದನದ ಉಣ್ಣೆ ಸಾಯಿಸುವ ಸ್ಪ್ರೇ ಎತ್ತಿಕೊಂಡು ಮುಚ್ಚಳ ತೆಗೆಸಿದೆ. ಯಾಕೋ ಮನಸ್ಸು ತಡೆಯಿತು. ಕನ್ನಡಕ ಹಾಕಿ ಬಗ್ಗಿ ನೋಡಿದರೆ ಒಂದೊಂದು ಹುಳಕ್ಕೂ ಪುಟ್ಟ ಕೊಂಡಿ!

"ಹುಳ ಅಲ್ಲಮ್ಮ, ಇವು ಮರಿ."

ಶಾರದಕ್ಕ ಬೆಂಚಿನ ಮೇಲೆ ಕುಸಿದು ಕೂತರು. "ಒಂದೇ ಒಂದು ಅಂತ ಹೇಳಿ ಮನೆಯವ್ರನ್ನ ಒಪ್ಪಿಸಿದ್ದೆ. ಈಗ ಹೆಂಗೆ ಹೇಳ್ಲಿ?"

ಅಲುಗಾಡಿಸಿದರೆ ತಾಯಿ ಗಾಬರಿಯಲ್ಲಿ ಮರಿಗಳನ್ನೇ ತಿಂದೀತು, ಕತ್ತಲಲ್ಲಿಟ್ಟು ಸುಮ್ಮನೆ ಬಿಡಿ ಎಂದೆ. ಅವರು ಆಟೋ ಹತ್ತದೆ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ನಿಧಾನ ನಡೆದೇ ಹೋದರು. ಹದಿನೈದು ದಿನದಲ್ಲಿ ಮರಿಗಳೆಲ್ಲ ಬೆನ್ನಿಂದ ಇಳಿದವಂತೆ. ತಾಯಿ ಸಮೇತ ಗುಡ್ಡದ ಕಲ್ಲುಗಳ ನಡುವೆ ಬಿಟ್ಟುಬಂದರಂತೆ.

ಚೇಳನ್ನು ಉಳಿಸಿದ ಡಾಕ್ಟರೆಂದು ಈಗ ಅಂಗಡಿಗೆ ಬಂದವರೆಲ್ಲರ ಮುಂದೆ ಶಾರದಕ್ಕ ನನ್ನನ್ನು ಹೊಗಳುತ್ತಾರೆ. ನಾನು ಮಾಡಿದ ಚಿಕಿತ್ಸೆಯೆಂದರೆ, ಔಷಧಿ ಹಾಕದೆ ಇದ್ದದ್ದು.